ಬಾಗಿಲು ಮುಚ್ಚಿದ ಮೇಲೆ ನಾಯಿ ಏನು ಮಾಡುತ್ತದೆ?

ಬೆಳಿಗ್ಗೆ ಒಂಬತ್ತು ಗಂಟೆ. ಮನೆಯ ಯಜಮಾನಿ ಕೈಚೀಲ ಹೆಗಲಿಗೇರಿಸಿ, ನಾಯಿಯ ತಲೆ ಸವರಿ, ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೊರಡುತ್ತಾಳೆ. ಸಂಜೆ ಆರಕ್ಕೆ ಮರಳಿದಾಗ ಅದೇ ನಾಯಿ ಅದೇ ಬಾಗಿಲ ಹಿಂದೆ ಬಾಲ ಅಲ್ಲಾಡಿಸುತ್ತ ನಿಂತಿರುತ್ತದೆ. ನಡುವಿನ ಒಂಬತ್ತು ತಾಸು ಅದು ಏನು ಮಾಡುತ್ತಿತ್ತು? ನಾಯಿ ಸಾಕಿದವರಿಗೆಲ್ಲ ಒಮ್ಮೆಯಾದರೂ ಹೊಳೆದಿರಬಹುದಾದ ಈ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡು 2016ರಲ್ಲಿ ಒಂದು ಅನಿಮೇಷನ್ ಚಿತ್ರ ತೆರೆಗೆ ಬಂತು. ಹೆಸರು ‘ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್’. ಸಾಕುಪ್ರಾಣಿಗಳ ಗುಟ್ಟಿನ ಬದುಕು ಎಂದು ಅರ್ಥ.

ಹಳದಿ ಬಣ್ಣದ ‘ಮಿನಿಯನ್’ಗಳನ್ನು ಸೃಷ್ಟಿಸಿ ಮಕ್ಕಳ ಮನ ಗೆದ್ದಿದ್ದ ಇಲ್ಯುಮಿನೇಷನ್ ಸಂಸ್ಥೆ ಈ ಚಿತ್ರದ ನಿರ್ಮಾಪಕ. ನಿರ್ದೇಶಿಸಿದವರು ಕ್ರಿಸ್ ರೆನಾಡ್. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಾದರೂ ಪಾತ್ರಗಳಿಗೆ ಜೀವ ತುಂಬಿದವರು ಸಂಸ್ಥೆಯ ಪ್ಯಾರಿಸ್ ಸ್ಟುಡಿಯೊದ ಕಲಾವಿದರು. ಸುಮಾರು 7.5 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲೇ 10 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಲೋಕದಾದ್ಯಂತ ಒಟ್ಟು ಗಳಿಕೆ 85 ಕೋಟಿ ಡಾಲರನ್ನೂ ದಾಟಿತು.

ಇಷ್ಟೊಂದು ಜನ ನಕ್ಕು ಹಗುರಾದ ಈ ಚಿತ್ರ ಮೇಲ್ನೋಟಕ್ಕೆ ಬರೀ ಚೇಷ್ಟೆಗಳ ಸರಮಾಲೆ. ಆದರೆ ನಗುವಿನ ಅಡಿಯಲ್ಲಿ ಒಂದು ಭಯ ಹರಿಯುತ್ತದೆ. ‘ಹೋದವರು ತಿರುಗಿ ಬರದಿದ್ದರೆ?’ ಎಂಬ ಭಯ ಅದು. ಮನುಷ್ಯನ ಮನೆಯೊಳಗೆ ಸೇರಿಕೊಂಡು, ಅವನ ಹೊರತು ಬೇರೆ ದಿಕ್ಕಿಲ್ಲದ ಪ್ರಾಣಿಗಳ ಭಯ. ಅದಕ್ಕೊಂದು ಇತಿಹಾಸವೂ ಇದೆ. ಚಿತ್ರದ ಕಥೆ ನಡೆಯುವ ಊರಿನಲ್ಲೇ ಆ ಇತಿಹಾಸದ ದೊಡ್ಡ ಭಾಗ ನಡೆದಿದೆ.

ಬಾಗಿಲಿನ ಮುಂದೆ ಮ್ಯಾಕ್ಸ್

ಕಥಾನಾಯಕ ಮ್ಯಾಕ್ಸ್ ಎಂಬ ಪುಟ್ಟ ಟೆರಿಯರ್ ನಾಯಿ. ಮ್ಯಾನ್‌ಹಟನ್ನಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಕೇಟಿ ಎಂಬ ಯುವತಿಯೊಡನೆ ಅದರ ವಾಸ. ಕೇಟಿ ಹೊರಟ ಕೂಡಲೇ ಮ್ಯಾಕ್ಸ್ ಬಾಗಿಲ ಎದುರು ಕುಳಿತು ಅವಳ ದಾರಿ ಕಾಯಲು ತೊಡಗುತ್ತಾನೆ. ಅಕ್ಕಪಕ್ಕದ ಮನೆಗಳ ಸಂಗತಿಯೇ ಬೇರೆ. ಯಜಮಾನನ ಮುಂದೆ ಗಂಭೀರವಾಗಿದ್ದ ಪೂಡಲ್ ನಾಯಿ ಅವನು ಹೊರಬಿದ್ದೊಡನೆ ಕಿವಿಗಡಚಿಕ್ಕುವ ಸಂಗೀತ ಹಾಕಿ ತಲೆ ಕುಣಿಸುತ್ತದೆ. ಗಿಡ್ಡ ಕಾಲಿನ ಡ್ಯಾಷ್‌ಹಂಡ್ ಅಡುಗೆಮನೆಯ ಹಿಟ್ಟು ಕಲಸುವ ಯಂತ್ರದ ಕೆಳಗೆ ನಿಂತು ಬೆನ್ನು ತಿಕ್ಕಿಸಿಕೊಳ್ಳುತ್ತದೆ. ದಢೂತಿ ಬೆಕ್ಕು ಫ್ರಿಜ್ಜಿನ ಮುಂದೆ ತನ್ನ ಆತ್ಮಸಂಯಮದ ಪರೀಕ್ಷೆಗೆ ನಿಂತು ಸೋಲುತ್ತದೆ. ಪುಟ್ಟ ಗಿಳಿಯೊಂದು ಫ್ಯಾನಿನ ಗಾಳಿಗೆ ರೆಕ್ಕೆ ಬಿಚ್ಚಿ, ಟಿ.ವಿ. ಪರದೆಯ ಯುದ್ಧವಿಮಾನಗಳ ನಡುವೆ ತಾನೂ ಹಾರುತ್ತಿರುವಂತೆ ಭಾವಿಸುತ್ತದೆ.

ಒಂದು ಸಂಜೆ ಕೇಟಿ ನಾಯಿದೊಡ್ಡಿಯಿಂದ ಡ್ಯೂಕ್ ಎಂಬ ಕಂದು ಬಣ್ಣದ, ಬೆಟ್ಟದಂಥ ಜೂಲುನಾಯಿಯನ್ನು ತಂದು ಮನೆಗೆ ಸೇರಿಸುತ್ತಾಳೆ. ಒಂದೇ ಮಗುವಾಗಿ ಬೆಳೆದವನಿಗೆ ದಾಯಾದಿ ಬಂದಂತೆ ಮ್ಯಾಕ್ಸ್ ಕಂಗಾಲಾಗುತ್ತಾನೆ. ಇಬ್ಬರ ಜಗಳ ಬೀದಿಗೆ ಬೀಳುತ್ತದೆ. ಬೀದಿಬೆಕ್ಕುಗಳ ಗುಂಪು ಅವರ ಕೊರಳಪಟ್ಟಿ ಕಿತ್ತುಕೊಳ್ಳುತ್ತದೆ. ಪಟ್ಟಿಯಿಲ್ಲದ ನಾಯಿ ಊರಿನ ಲೆಕ್ಕದಲ್ಲಿ ಯಾರದೂ ಅಲ್ಲ. ಕ್ಷಣದಲ್ಲೇ ನಾಯಿ ಹಿಡಿಯುವ ವ್ಯಾನು ಹಾಜರ್.

ಇಲ್ಲಿಯವರೆಗಿನ ಕಥೆ ಕೇಳಿದವರಿಗೆ 1995ರ ‘ಟಾಯ್ ಸ್ಟೋರಿ’ ನೆನಪಾದರೆ ಆಶ್ಚರ್ಯವಿಲ್ಲ. ಹುಡುಗ ಕೋಣೆ ಬಿಟ್ಟೊಡನೆ ಜೀವ ತಳೆಯುವ ಗೊಂಬೆಗಳು, ಹೊಸ ಗೊಂಬೆಯ ಮೇಲೆ ಹಳೆಯದರ ಹೊಟ್ಟೆಕಿಚ್ಚು, ಇಬ್ಬರೂ ದಾರಿ ತಪ್ಪಿ ಕೊನೆಗೆ ಗೆಳೆಯರಾಗುವುದು, ಎಲ್ಲವೂ ಅಲ್ಲಿಯೂ ಇತ್ತು. ವಿಮರ್ಶಕರು ಈ ಹೋಲಿಕೆಯನ್ನು ಎತ್ತಿ ಆಡಿದರು. ಆದರೆ ಗೊಂಬೆಯನ್ನು ಅಟ್ಟಕ್ಕೆಸೆದರೆ ಅದಕ್ಕೆ ಹಸಿವಾಗದು. ನಾಯಿಯ ವಿಷಯ ಹಾಗಲ್ಲ.

ಚರಂಡಿಯ ಸೈನ್ಯ

ವ್ಯಾನಿನಲ್ಲಿ ಸಿಕ್ಕಿಬಿದ್ದ ಮ್ಯಾಕ್ಸ್ ಮತ್ತು ಡ್ಯೂಕರನ್ನು ಬಿಡಿಸುವವನು ಸ್ನೋಬಾಲ್ ಎಂಬ ಹತ್ತಿಯುಂಡೆಯಂಥ ಬಿಳಿ ಮೊಲ. ಒಂದು ಕಾಲಕ್ಕೆ ಜಾದೂಗಾರನ ಟೋಪಿಯಿಂದ ಹೊರಬರುತ್ತಿದ್ದ ಪ್ರಾಣಿ. ಮೊಲದ ಜಾದೂ ಹಳತಾದಾಗ ಬೀದಿಪಾಲಾಯಿತು. ಈಗ ಅವನು ನ್ಯೂಯಾರ್ಕಿನ ಒಳಚರಂಡಿಯಲ್ಲಿ ಮನುಷ್ಯದ್ವೇಷಿ ಸೈನ್ಯವೊಂದರ ಸೇನಾಪತಿ. ಹಚ್ಚೆ ಹಾಕುವುದನ್ನು ಕಲಿಯುವವರು ತಮ್ಮ ಕೈ ಪಳಗಿಸಿಕೊಳ್ಳಲು ಬಳಸಿ ಬಿಸಾಡಿದ ಹಂದಿ, ಮೊಸಳೆ, ಹಾವು, ಹಲ್ಲಿಗಳೆಲ್ಲ ಆ ಸೈನ್ಯದಲ್ಲಿವೆ. ಅಲ್ಲಿಗೆ ಸೇರಬೇಕಾದರೆ ಯಜಮಾನನ ಮೇಲೆ ದ್ವೇಷವಿರಬೇಕು. ಜೀವ ಉಳಿಸಿಕೊಳ್ಳಲು ಮ್ಯಾಕ್ಸ್ ಮತ್ತು ಡ್ಯೂಕ್ ತಾವು ಒಡೆಯರನ್ನು ಕೊಂದು ಬಂದವರೆಂದು ಸುಳ್ಳು ಹೇಳುತ್ತಾರೆ.

ಚರಂಡಿಯಲ್ಲಿ ಮೊಸಳೆ ಎಂಬುದು ಚಿತ್ರದವರ ಸ್ವಂತ ಕಲ್ಪನೆಯಲ್ಲ; ನ್ಯೂಯಾರ್ಕಿನ ಹಳೆಯ ಊರಕತೆ. ಫ್ಲಾರಿಡಾಕ್ಕೆ ಪ್ರವಾಸ ಹೋದವರು ಮರಿಮೊಸಳೆ ತಂದು ಸಾಕಿ, ಬೇಸರ ಬಂದಾಗ ಶೌಚಕ್ಕೆ ಹಾಕಿ ನೀರು ಬಿಟ್ಟರೆಂದೂ, ಅವು ನೆಲದಡಿಯಲ್ಲಿ ಬೆಳೆದು ಸಂಸಾರ ಹೂಡಿವೆಯೆಂದೂ ಆ ಊರಿನ ಮಕ್ಕಳು ಕೇಳಿ ಬೆಳೆದಿದ್ದಾರೆ. ಕತೆಗೆ ಒಂದಿಷ್ಟು ಆಧಾರವೂ ಉಂಟು. 1935ರ ಫೆಬ್ರುವರಿಯಲ್ಲಿ ಹಾರ್ಲೆಮ್ ಬಡಾವಣೆಯ ಹುಡುಗರು ಚರಂಡಿ ಗುಂಡಿಯೊಂದಕ್ಕೆ ಹಿಮ ಸುರಿಯುತ್ತಿದ್ದಾಗ ಮೊಸಳೆಯೊಂದನ್ನು ಕಂಡು ಮೇಲೆಳೆದ ಸುದ್ದಿಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿತ್ತು. ಅಷ್ಟು ಚಳಿಯ ಊರಿನ ಚರಂಡಿಯಲ್ಲಿ ಮೊಸಳೆಗಳು ಸಂತಾನ ಬೆಳೆಸುವುದು ಅಸಾಧ್ಯವೆಂದು ಬಲ್ಲವರು ಹೇಳುತ್ತಾರೆ. ಆದರೂ ಕತೆ ಸಾಯಲಿಲ್ಲ. ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ, ಕಾಲಡಿಯಲ್ಲೇ ಇರುತ್ತದೆ ಎಂಬ ಅಳುಕು ಅದನ್ನು ಬದುಕಿಸಿದೆ. ಚಿತ್ರ ಆ ಅಳುಕಿಗೇ ಮೊಲದ ವೇಷ ಹಾಕಿ ಹಾಸ್ಯ ಮಾಡಿದೆ.

ನದಿಗೆ ಇಳಿದ ಬೋನು

ಕಥೆಯ ಕೊನೆಯ ಭಾಗದಲ್ಲಿ ನಾಯಿ ಹಿಡಿಯುವ ವ್ಯಾನು ಬ್ರೂಕ್ಲಿನ್ ಸೇತುವೆಯಿಂದ ಉರುಳಿ ಈಸ್ಟ್ ನದಿಗೆ ಬೀಳುತ್ತದೆ. ಡ್ಯೂಕ್ ಒಳಗೆ ಬೋನಿನಲ್ಲಿ ಬಂದಿ. ನೀರು ಮೇಲೇರುತ್ತಿದೆ. ಮ್ಯಾಕ್ಸ್ ನದಿಗೆ ಧುಮುಕುತ್ತಾನೆ. ವೈರಿಯಾಗಿದ್ದ ಮೊಲ ಬೀಗದ ಕೈ ಹಿಡಿದು ಹಿಂಬಾಲಿಸುತ್ತದೆ. ಮಕ್ಕಳು ಕುರ್ಚಿಯ ತುದಿಗೆ ಬಂದು ನೋಡುವ ದೃಶ್ಯವಿದು.

ನ್ಯೂಯಾರ್ಕಿನ ಇತಿಹಾಸ ಬಲ್ಲವರಿಗೆ ಈ ದೃಶ್ಯ ಬೇರೆಯದನ್ನೇ ನೆನಪಿಸುತ್ತದೆ. 19ನೇ ಶತಮಾನದಲ್ಲಿ ಆ ನಗರ ಬೇಸಿಗೆ ಬಂತೆಂದರೆ ಹುಚ್ಚುನಾಯಿಯ ಭಯದಲ್ಲಿ ನಡುಗುತ್ತಿತ್ತು. ಆ ರೋಗಕ್ಕೆ ಆಗಿನ್ನೂ ಮದ್ದಿರಲಿಲ್ಲ. ಪಾಶ್ಚರ್ ಅವರ ಚುಚ್ಚುಮದ್ದು ಬಂದದ್ದು 1885ರಲ್ಲಿ. ನಗರಾಡಳಿತ ಬೀದಿನಾಯಿ ಹಿಡಿದು ತಂದವರಿಗೆ ತಲೆಗಿಷ್ಟು ಎಂದು ಹಣ ಕೊಡುತ್ತಿತ್ತು. ದುಡ್ಡಿನ ಆಸೆಗೆ ಮನೆಯ ನಾಯಿಗಳನ್ನೂ ಕದ್ದು ತರುವವರಿದ್ದರು. ಯಾರೂ ಬಿಡಿಸಿಕೊಳ್ಳದ ನಾಯಿಗಳನ್ನು 1870ರ ದಶಕದಲ್ಲಿ ದೊಡ್ಡ ಕಬ್ಬಿಣದ ಬೋನಿಗೆ ತುಂಬಿ, ಕ್ರೇನಿನಿಂದ ಎತ್ತಿ, ಇದೇ ಈಸ್ಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಗುತ್ತಿತ್ತು. ಒಂದೊಂದು ದಿನ ನೂರಾರು ನಾಯಿಗಳು. ಚಿತ್ರದವರಿಗೆ ಈ ಸಂಗತಿ ತಿಳಿದಿತ್ತೋ ಇಲ್ಲವೋ, ಅದೇ ನದಿಯಲ್ಲಿ ಬೋನಿನೊಳಗೆ ಮುಳುಗುತ್ತಿದ್ದ ಒಂದು ನಾಯಿಯನ್ನು ಅವರು ಬದುಕಿಸಿದ್ದಾರೆ.

ಇದೇ ಊರಿನಲ್ಲಿ 1866ರಲ್ಲಿ ಹೆನ್ರಿ ಬರ್ಗ್ ಎಂಬಾತ ಅಮೆರಿಕದ ಪ್ರಾಣಿದಯಾ ಸಂಘವನ್ನು ಕಟ್ಟಿದ. ರಷ್ಯಾದಲ್ಲಿ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದವನು. ಊರಿಗೆ ಮರಳಿದ ಮೇಲೆ ಬೀದಿಯಲ್ಲಿ ನಿಂತು ಗಾಡಿಕುದುರೆಗಳಿಗೆ ಬಾರುಕೋಲಿನಿಂದ ಹೊಡೆಯುವವರನ್ನು ತಡೆಯುತ್ತಿದ್ದ, ನ್ಯಾಯಾಲಯಕ್ಕೆಳೆಯುತ್ತಿದ್ದ. ನಗರದ ನಾಯಿದೊಡ್ಡಿಯ ಹೊಣೆಯನ್ನು ಮಾತ್ರ ತಾನು ಬದುಕಿರುವವರೆಗೆ ಆತ ಒಪ್ಪಿಕೊಳ್ಳಲಿಲ್ಲ. ಅವನ ಸಾವಿನ ಆರು ವರ್ಷಗಳ ನಂತರ, 1894ರಲ್ಲಿ, ಸಂಘ ಆ ಹೊಣೆ ಹೊತ್ತು, ಮುಂದೆ ನೂರು ವರ್ಷ ನಡೆಸಿತು. ನದಿಯಲ್ಲಿ ಮುಳುಗಿಸುವುದು ನಿಂತಿತಾದರೂ ಕೊಲ್ಲುವುದು ನಿಲ್ಲಲಿಲ್ಲ. ಸಂಘದ ಅಂದಾಜಿನಂತೆ 2011ರ ಸುಮಾರಿಗೆ ಅಮೆರಿಕದ ಆಶ್ರಯಧಾಮಗಳಲ್ಲಿ ವರ್ಷಕ್ಕೆ 26 ಲಕ್ಷ ನಾಯಿ, ಬೆಕ್ಕುಗಳಿಗೆ ಚುಚ್ಚುಮದ್ದು ಕೊಟ್ಟು ಸಾಯಿಸಲಾಗುತ್ತಿತ್ತು. 2019ರ ವೇಳೆಗೆ ಆ ಸಂಖ್ಯೆ 9.2 ಲಕ್ಷಕ್ಕೆ ಇಳಿಯಿತು. ಡ್ಯೂಕ್‌ನನ್ನು ನಾಯಿದೊಡ್ಡಿಯಿಂದ ಮನೆಗೆ ತಂದ ಕೇಟಿಯಂಥವರು ಹೆಚ್ಚಿದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ ಬಳಕೆಗೆ ಬಂದದ್ದು ಈ ಇಳಿಕೆಗೆ ಮುಖ್ಯ ಕಾರಣಗಳು.

ಕಾರ್ಟೂನ್ ಚಿತ್ರಗಳಲ್ಲಿ ನಾಯಿದೊಡ್ಡಿಯ ನೆರಳು ಹೊಸದಲ್ಲ. ಡಿಸ್ನಿಯ 1955ರ ‘ಲೇಡಿ ಅಂಡ್ ದಿ ಟ್ರ್ಯಾಂಪ್’ ಚಿತ್ರದಲ್ಲಿ ಸಿಕ್ಕಿಬಿದ್ದ ನಾಯಿಯೊಂದನ್ನು ಹಜಾರದ ತುದಿಯ ಬಾಗಿಲಿನತ್ತ ಕರೆದೊಯ್ಯುವುದನ್ನು ಉಳಿದ ನಾಯಿಗಳು ಮೌನವಾಗಿ ನೋಡುತ್ತವೆ. ಆ ಬಾಗಿಲಿನ ಆಚೆ ಏನಿದೆಯೆಂದು ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ.

ಕೆಲಸ ಕಳೆದುಕೊಂಡ ಪ್ರಾಣಿಗಳು

ಕನ್ನಡದ ‘ಸಾಕುಪ್ರಾಣಿ’ ಎಂಬ ಮಾತಿಗೂ ಇಂಗ್ಲಿಷಿನ ‘ಪೆಟ್’ ಎಂಬುದಕ್ಕೂ ಅಂತರವಿದೆ. ಸಾಕುಪ್ರಾಣಿ ಎಂದರೆ ನಮ್ಮಲ್ಲಿ ಹಸು, ಎತ್ತು, ಕೋಳಿ, ಕುರಿಗಳೂ ಬಂದವು. ನಾಯಿ ಹಿತ್ತಲು ಕಾಯುತ್ತಿತ್ತು, ಬೆಕ್ಕು ಕಣಜದ ಇಲಿ ಹಿಡಿಯುತ್ತಿತ್ತು. ಹಗಲೆಲ್ಲ ತೆರೆದ ಬಾಗಿಲಿನ ಮನೆಯಲ್ಲಿ ನಾಯಿ ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದು ಗುಟ್ಟೇ ಅಲ್ಲ. ಇಡೀ ಕೇರಿಗೆ ಗೊತ್ತಿದ್ದ ಸಂಗತಿ. ಸಾವಿರ ವರ್ಷ ಹಿಂದೆ ದುರ್ಗಸಿಂಹ ಕನ್ನಡಕ್ಕೆ ತಂದ ‘ಪಂಚತಂತ್ರ’ದಲ್ಲಿಯೂ ಪ್ರಾಣಿಗಳು ಮಾತನಾಡುತ್ತವೆ. ಆದರೆ ಸಿಂಹವೋ ನರಿಯೋ ಯಾವ ಮನುಷ್ಯನ ದಾರಿಯನ್ನೂ ಕಾಯುತ್ತ ಕೂರುವುದಿಲ್ಲ. ಅವಕ್ಕೆ ಅವುಗಳದೇ ರಾಜ್ಯ, ಅವುಗಳದೇ ರಾಜಕಾರಣ.

ಪಶ್ಚಿಮದ ನಗರಗಳಲ್ಲಿಯೂ ಪ್ರಾಣಿಗಳು ಪೂರ್ತಿಯಾಗಿ ಮನೆಯೊಳಗೆ ಬಂದದ್ದು ಇತ್ತೀಚೆಗೆ. 1860ರ ಸುಮಾರಿಗೆ ಲಂಡನ್ನಿನಲ್ಲಿದ್ದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ನಾಯಿಗಳಿಗೆಂದೇ ಬಿಸ್ಕತ್ತು ತಯಾರಿಸಿ ಮಾರಲು ಶುರುಮಾಡಿದ. ನಾಯಿಯ ಊಟ ಮನೆಯ ಎಂಜಲಿನಿಂದ ಬೇರೆಯಾಗಿ ಅಂಗಡಿಯ ಸಾಮಾನಾದದ್ದು ಆಗ. ಬೆಕ್ಕಿನ ಕಥೆ ಇನ್ನೂ ಸ್ವಾರಸ್ಯಕರ. ಬಹಳ ಕಾಲ ಅದರ ಶೌಚಕ್ಕೆ ಬೂದಿ, ಮರಳು ತುಂಬಿದ ಪೆಟ್ಟಿಗೆಯೇ ಗತಿ. ಇಲ್ಲವೇ ಹೊರಗೆ ಬಿಡಬೇಕು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ ಲೋ ಎಂಬಾತ ವಾಸನೆ ಹೀರುವ ಒಂದು ಬಗೆಯ ಒಣ ಜೇಡಿಮಣ್ಣನ್ನು ಚೀಲದಲ್ಲಿ ತುಂಬಿ ಮಾರತೊಡಗಿದ. ಆ ಅಗ್ಗದ ಮಣ್ಣು ಬೆಕ್ಕನ್ನು ಹಗಲೂ ರಾತ್ರಿ ಒಳಗೇ ಇಡುವುದನ್ನು ಸುಲಭ ಮಾಡಿತು.

ಹೀಗೆ ಒಳಬಂದ ಪ್ರಾಣಿಗಳಿಗಾಗಿ ನಗರಗಳು ಕಾನೂನು ಬರೆಯಬೇಕಾಯಿತು. 1978ರಿಂದ ನ್ಯೂಯಾರ್ಕಿನ ಬೀದಿಯಲ್ಲಿ ನಾಯಿಯ ಹೇಸಿಗೆಯನ್ನು ಒಡೆಯನೇ ಎತ್ತಬೇಕೆಂಬ ನಿಯಮ ಬಂತು. 1983ರಲ್ಲಿ ಬಂದ ಇನ್ನೊಂದು ಕಾನೂನು ಬಾಡಿಗೆದಾರರಿಗೆ ಸಂಬಂಧಿಸಿದ್ದು. ಮನೆಮಾಲಿಕನ ಕರಾರಿನಲ್ಲಿ ನಿಷೇಧವಿದ್ದರೂ ಬಾಡಿಗೆದಾರ ಬಚ್ಚಿಡದೆ, ಬಹಿರಂಗವಾಗಿ ಮೂರು ತಿಂಗಳು ಪ್ರಾಣಿಯನ್ನು ಸಾಕಿ, ಅಷ್ಟರಲ್ಲಿ ಮಾಲಿಕ ನ್ಯಾಯಾಲಯಕ್ಕೆ ಹೋಗದಿದ್ದರೆ ನಂತರ ಆಕ್ಷೇಪಿಸುವಂತಿಲ್ಲ. ಗುಟ್ಟಾಗಿ ಸಾಕಿದವರಿಗೆ ಈ ರಕ್ಷಣೆ ಇಲ್ಲ.

ಹಸಿವಿನ ಚಿಂತೆ ಹೋಯಿತು, ಚಳಿ ಮಳೆಯ ಕಾಟ ತಪ್ಪಿತು. ಅದರ ಜೊತೆಗೆ ಕಾಯುವ, ಬೇಟೆಯಾಡುವ, ಅಲೆಯುವ ಕೆಲಸಗಳೂ ಹೋದವು. ನಗರದ ನಾಯಿಗೆ ಉಳಿದ ಒಂದೇ ಉದ್ಯೋಗವೆಂದರೆ ಒಡೆಯನ ದಾರಿ ಕಾಯುವುದು. ಚಿತ್ರದ ಎಲ್ಲ ತಮಾಷೆಯೂ ಈ ಬಿಡುವಿನಿಂದಲೇ ಹುಟ್ಟಿದೆ.

ನಿಜವಾಗಿ ಏನು ಮಾಡುತ್ತದೆ?

ಹಾಗಾದರೆ ಬಾಗಿಲು ಮುಚ್ಚಿದ ಮೇಲೆ ನಾಯಿ ನಿಜಕ್ಕೂ ಏನು ಮಾಡುತ್ತದೆ? ಕ್ಯಾಮೆರಾ ಇಟ್ಟು ನೋಡಿದವರಿಗೆ ಸಿಕ್ಕ ಉತ್ತರ ಸಪ್ಪೆಯಾದದ್ದು: ಬಹುಪಾಲು ಸಮಯ ಮಲಗಿರುತ್ತದೆ. ಸ್ವೀಡನ್ನಿನ ಸಂಶೋಧಕಿಯರಾದ ಥೆರೆಸ್ ರೇನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ನಾಯಿಗಳನ್ನು ಅರ್ಧ ತಾಸು, ಎರಡು ತಾಸು, ನಾಲ್ಕು ತಾಸು ಒಂಟಿಯಾಗಿ ಬಿಟ್ಟು ನೋಡಿದರು. ಒಂಟಿಯಾಗಿದ್ದಾಗಿನ ನಡವಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಒಡೆಯ ಮರಳಿದಾಗಿನ ಸಂಭ್ರಮ ಅರ್ಧ ತಾಸಿನ ನಂತರ ಇದ್ದುದಕ್ಕಿಂತ ಎರಡು ತಾಸಿನ ನಂತರ ಹೆಚ್ಚಾಗಿತ್ತು. ಎಷ್ಟು ಹೊತ್ತಾಯಿತೆಂಬ ಲೆಕ್ಕ ನಾಯಿಗೆ ಯಾವುದೋ ಬಗೆಯಲ್ಲಿ ಸಿಗುತ್ತದೆ ಎಂದಾಯಿತು.

ಮ್ಯಾಕ್ಸ್‌ನ ಊರಾದ ಮ್ಯಾನ್‌ಹಟನ್ನಿನಲ್ಲೇ, ಬರ್ನಾರ್ಡ್ ಕಾಲೇಜಿನಲ್ಲಿ, ನಾಯಿಗಳ ಮನಸ್ಸನ್ನು ಅಭ್ಯಾಸ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದಕ್ಕೊಂದು ವಿವರಣೆ ಮುಂದಿಟ್ಟಿದ್ದಾರೆ. ಒಡೆಯ ಹೊರಟ ಮೇಲೆ ಮನೆಯೊಳಗಿನ ಅವನ ವಾಸನೆ ತಾಸು ತಾಸಿಗೆ ಕ್ಷೀಣಿಸುತ್ತದೆ. ದಿನವೂ ಅವನು ಮರಳುವ ಹೊತ್ತಿಗೆ ವಾಸನೆ ಯಾವ ಮಟ್ಟಕ್ಕಿಳಿದಿರುತ್ತದೆಂದು ನಾಯಿ ಕಲಿತಿರಬಹುದು. ಇದಿನ್ನೂ ಊಹೆ. ನಿಜವಾದರೆ ಬಾಗಿಲ ಬಳಿ ಕುಳಿತ ನಾಯಿಗೆ ಗಡಿಯಾರವೆಂದರೆ ಮನೆಯಲ್ಲಿ ಕರಗುತ್ತಿರುವ ಒಡೆಯನ ವಾಸನೆಯೇ.

ಅವರ 2009ರ ಇನ್ನೊಂದು ಅಧ್ಯಯನ ನಾಯಿಯ ‘ತಪ್ಪಿತಸ್ಥ ಮುಖ’ದ ಬಗ್ಗೆ. ತಿಂಡಿ ತಿನ್ನಬೇಡವೆಂದು ಹೇಳಿ ಒಡೆಯ ಹೊರಗೆ ಹೋಗುತ್ತಾನೆ. ಮರಳಿದಾಗ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ವರದಿ ಕೊಡಲಾಗುತ್ತದೆ. ನಾಯಿ ತಲೆ ತಗ್ಗಿಸಿ, ಕಿವಿ ಇಳಿಬಿಟ್ಟು ಕಾಣಿಸುವ ಆ ಮುಖ ತಪ್ಪು ಮಾಡಿದ್ದಕ್ಕೆ ಬರುವುದಲ್ಲ, ಬೈಗುಳ ಕೇಳಿದ್ದಕ್ಕೆ ಬರುವುದು ಎಂದು ತಿಳಿಯಿತು. ತಿನ್ನದೆಯೇ ಬೈಸಿಕೊಂಡ ನಾಯಿಗಳೂ ಅದೇ ಮುಖ ಮಾಡಿದವು. ಮನುಷ್ಯ ತನ್ನ ಮನಸ್ಸಿನಲ್ಲಿರುವುದನ್ನೇ ಪ್ರಾಣಿಯ ಮುಖದಲ್ಲಿ ಓದುತ್ತಾನೆಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಒಂಟಿಯಾಗಿದ್ದಾಗ ನಿಜವಾಗಿಯೂ ತೊಳಲುವ ನಾಯಿಗಳೂ ಇವೆ. ಅವು ಎಡೆಬಿಡದೆ ಬೊಗಳುತ್ತವೆ, ಬಾಗಿಲು ಕೆರೆಯುತ್ತವೆ, ಮನೆಯೊಳಗೆ ಗಲೀಜು ಮಾಡುತ್ತವೆ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕ ಎನ್ನುತ್ತಾರೆ. ಇದನ್ನು ಪುಂಡಾಟವೆಂದು ತಿಳಿದು ಹೊಡೆಯುವವರುಂಟು; ಹೊಡೆತದಿಂದ ಆತಂಕ ಹೆಚ್ಚುತ್ತದೆ. ನೆರೆಯವರ ದೂರು ತಾಳಲಾರದೆ ನಾಯಿಯನ್ನು ಬಿಟ್ಟುಬರುವವರೂ ಉಂಟು. 2019ರಲ್ಲಿ ಬಂದ ಚಿತ್ರದ ಎರಡನೆಯ ಭಾಗ ಆತಂಕವನ್ನೇ ವಸ್ತುವಾಗಿಸಿಕೊಂಡಿತು. ಕೇಟಿಗೆ ಮಗು ಹುಟ್ಟಿ, ಅದರ ಚಿಂತೆಯಲ್ಲಿ ಮೈ ಕೆರೆದುಕೊಳ್ಳುವ ಮ್ಯಾಕ್ಸ್ ಕೊರಳಿಗೆ ಪ್ಲಾಸ್ಟಿಕ್ ಆಲಿಕೆ ಹಾಕಿಸಿಕೊಂಡು ತಿರುಗುತ್ತಾನೆ.

ತೆರೆಯಿಂದ ಮನೆಗೆ

ಇಂಥ ಚಿತ್ರಗಳ ಬಗ್ಗೆ ಒಂದು ಕಳವಳವೂ ಇದೆ. ತೆರೆಯ ಮೇಲೆ ಮುದ್ದಾದ ನಾಯಿ ಕಂಡೊಡನೆ ಅಂಥದ್ದೇ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಡಿಸ್ನಿಯ ‘101 ಡಾಲ್ಮೇಷಿಯನ್ಸ್’ 1996ರಲ್ಲಿ ಮರಳಿ ತಯಾರಾಗಿ ಬಂದಾಗ ಅಮೆರಿಕದಲ್ಲಿ ಆ ಚುಕ್ಕೆನಾಯಿಯ ಮರಿಗಳಿಗೆ ಬೇಡಿಕೆ ಏರಿತು. ಅದು ಓಟ ಬೇಡುವ, ಸುಲಭಕ್ಕೆ ಸುಸ್ತಾಗದ ತಳಿ. ಕೆಲವೇ ತಿಂಗಳಲ್ಲಿ ಅವುಗಳಲ್ಲಿ ಎಷ್ಟೋ ಆಶ್ರಯಧಾಮಗಳ ಪಾಲಾದವೆಂದು ಪತ್ರಿಕೆಗಳು ವರದಿ ಮಾಡಿದವು. ಬ್ರೂಕ್ಲಿನ್ ಕಾಲೇಜಿನ ಸ್ಟೆಫಾನೊ ಗಿರ್ಲಾಂಡಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ, ಜನಪ್ರಿಯ ಚಿತ್ರವೊಂದರಲ್ಲಿ ಕಾಣಿಸಿಕೊಂಡ ತಳಿಯ ಬೇಡಿಕೆ ಹತ್ತು ವರ್ಷದವರೆಗೂ ಹೆಚ್ಚಾಗಿ ಉಳಿಯಬಲ್ಲದೆಂದು ತೋರಿಸಿತು.

ಕನ್ನಡದ ಪ್ರೇಕ್ಷಕರಿಗೆ ಈ ಮಾತು ಹತ್ತಿರದ್ದು. ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರಲ್ಲಿ ಬಂದಾಗ ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರು ಬಹಳ. ಆ ಕಥೆಯ ನಾಯಿ ತಪ್ಪಿಸಿಕೊಂಡು ಬರುವುದು ಲಾಭಕ್ಕಾಗಿ ಮರಿ ಹಾಕಿಸಿ ಮಾರುವವನ ಹಿಡಿತದಿಂದ. ಅದರ ಕಾಯಿಲೆಯ ಬೇರೂ ಆ ದಂಧೆಯಲ್ಲೇ ಇದೆ. ಅಲ್ಲಿ ಅಳಿಸಿ ಹೇಳಿದ ಮಾತನ್ನು ನ್ಯೂಯಾರ್ಕಿನ ಚಿತ್ರ ನಗಿಸಿ ಹೇಳುತ್ತದೆ.

ನಗಿಸುವ ಚಿತ್ರವೂ ಒಂದೆಡೆ ನಗುವನ್ನು ಬದಿಗಿಡುತ್ತದೆ. ಡ್ಯೂಕ್‌ನಿಗೆ ಹಿಂದೆ ಫ್ರೆಡ್ ಎಂಬ ವೃದ್ಧ ಒಡೆಯನಿದ್ದ. ಚಿಟ್ಟೆಯೊಂದನ್ನು ಅಟ್ಟಿಸಿಕೊಂಡು ಹೋಗಿ ದಾರಿ ತಪ್ಪಿದ ಡ್ಯೂಕ್ ಸಿಕ್ಕಿಬಿದ್ದು ದೊಡ್ಡಿ ಸೇರಿದ. ಫ್ರೆಡ್ ಹುಡುಕಿಕೊಂಡು ಬರಲೇ ಇಲ್ಲವೆಂಬ ಕೊರಗು ಅವನಿಗೆ. ಮ್ಯಾಕ್ಸ್‌ನ ಒತ್ತಾಯಕ್ಕೆ ಇಬ್ಬರೂ ಬ್ರೂಕ್ಲಿನ್ನಿನ ಹಳೆಯ ಮನೆಗೆ ಹೋದಾಗ ಅಲ್ಲಿಯ ಬೆಕ್ಕು ಹೇಳುತ್ತದೆ, ಫ್ರೆಡ್ ತೀರಿಕೊಂಡ ಎಂದು. ಕೈಬಿಟ್ಟರೆಂದು ಇಷ್ಟು ದಿನ ನೊಂದ ನಾಯಿಗೆ ನಿಜ ತಿಳಿಸುವವರೇ ಇರಲಿಲ್ಲ.

ಚಿತ್ರದ ಕೊನೆಗೆ ಸಂಜೆಯಾಗುತ್ತದೆ. ಊರಿನ ಕಟ್ಟಡಗಳ ಒಂದೊಂದೇ ಬಾಗಿಲು ತೆರೆದು ಕೆಲಸ ಮುಗಿಸಿದವರು ಒಳಬರುತ್ತಾರೆ. ನಾಯಿ, ಬೆಕ್ಕು, ಹಕ್ಕಿಗಳು ಓಡಿಬಂದು ಅವರ ಮೈಮೇಲೇರುತ್ತವೆ. ಮನುಷ್ಯಕುಲವನ್ನೇ ನಿರ್ನಾಮ ಮಾಡಹೊರಟಿದ್ದ ಮೊಲವನ್ನು ಪುಟ್ಟ ಹುಡುಗಿಯೊಬ್ಬಳು ಎತ್ತಿ ಅಪ್ಪಿಕೊಂಡಾಗ, ಒಂದಿಷ್ಟು ಕೊಸರಾಡಿ, ಅವನೂ ಅವಳ ತೋಳಿನಲ್ಲಿ ಕರಗುತ್ತಾನೆ. ಸೇನಾಪತಿಗೆ ಮನೆ ಸಿಕ್ಕಿತು. ಚರಂಡಿಯ ಉಳಿದ ಸೈನಿಕರಿಗೆ ಸಿಕ್ಕಿದ್ದನ್ನು ಚಿತ್ರ ತೋರಿಸುವುದಿಲ್ಲ.

ಸಾಕಿದವರು ‘ಇನ್ನು ಸಾಕು’ ಎಂದ ಪ್ರಾಣಿಗಳು ಅವು. ತೆರೆಯಿಂದೆದ್ದು ಮನೆಗೆ ಬಂದ ಮಗು ತನಗೂ ಒಂದು ನಾಯಿಮರಿ ಬೇಕೆಂದರೆ, ಅಂಗಡಿಗೆ ಹೋಗುವ ಮೊದಲು ದೊಡ್ಡವರು ಅದರೊಡನೆ ಅವುಗಳ ಬಗ್ಗೆ ಒಂದು ಮಾತಾಡುವುದು ಒಳ್ಳೆಯದು. ಹಾಗೆಯೇ, ಬೆಳಿಗ್ಗೆ ಬೀಗ ಹಾಕಿದ ಮೇಲೆ ಆ ಮರಿಯ ಜೊತೆ ಮನೆಯಲ್ಲಿ ಯಾರಿರುತ್ತಾರೆ ಎಂಬುದರ ಬಗ್ಗೆಯೂ.